ಒಂದೇ ಹತ್ತಿಗೆ ಎರಡು ನ್ಯಾಯ: ಕೃಷಿ ಸಬ್ಸಿಡಿ ಸುಧಾರಣೆ ಯಾರಿಗೆ ದಕ್ಕಿತು?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಭಾರೀ ಕಾನೂನಿನಲ್ಲಿ ತೆರಿಗೆ ವಿಷಯವೇ ಎಲ್ಲರ ಬಾಯಲ್ಲಿತ್ತು. ಆದರೆ ಅದರೊಳಗೆ ಅಮೆರಿಕದ ರೈತರಿಗೆ ಕೊಡುವ ಖಾತರಿ ಬೆಲೆಗಳನ್ನೂ ಏರಿಸಿದ್ದರು. ಕಾಳು ಬಿಡಿಸದ ಹತ್ತಿಗೆ, ಅಂದರೆ ನಮ್ಮ ರೈತರು ಚೀಲಕ್ಕೆ ತುಂಬಿ ಎಪಿಎಂಸಿಗೆ ತರುವಂಥದ್ದೇ ಹತ್ತಿಗೆ, ಮೊದಲು ಪೌಂಡಿಗೆ 36.7 ಸೆಂಟ್ ಇತ್ತು. ಈಗ 42 ಸೆಂಟ್. ಕ್ವಿಂಟಲ್ ಲೆಕ್ಕದಲ್ಲಿ ಅದು ಸುಮಾರು 92.6 ಡಾಲರ್. ಡಾಲರಿಗೆ 87–88 ರೂಪಾಯಿ ಹಿಡಿದರೆ 8,100 ರೂಪಾಯಿ ಆಸುಪಾಸು ಬರುತ್ತದೆ. ಅದೇ 2025–26ಕ್ಕೆ ಭಾರತ ಸರ್ಕಾರ ಉದ್ದ ಎಳೆಯ ಹತ್ತಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 8,110 ರೂಪಾಯಿ.

ಅಂದರೆ ಎರಡೂ ಸರ್ಕಾರಗಳು ತಮ್ಮ ರೈತರಿಗೆ ಹೆಚ್ಚುಕಡಿಮೆ ಒಂದೇ ಮಾತು ಕೊಟ್ಟಿವೆ. ಬೆಲೆ ಇದಕ್ಕಿಂತ ಕೆಳಗೆ ಬಿದ್ದರೆ ನಾವಿದ್ದೇವೆ ಅಂತ.

ಆ ಮಾತು ನಡೆಸಿಕೊಡುವ ರೀತಿ ಮಾತ್ರ ಬೇರೆ ಬೇರೆ. ಅಮೆರಿಕದಲ್ಲಿ ಈ ಯೋಜನೆಗೆ ಸರ್ಕಾರ ಹತ್ತಿಯನ್ನು ಮುಟ್ಟುವುದೇ ಇಲ್ಲ. ವರ್ಷದ ಸರಾಸರಿ ಬೆಲೆ 42 ಸೆಂಟಿಗಿಂತ ಎಷ್ಟು ಕೆಳಗಿದೆ ಅಂತ ನೋಡಿ, ಅದನ್ನು ಜಮೀನಿನ ಹಳೆಯ ದಾಖಲೆಯಲ್ಲಿರುವ ಇಳುವರಿಗೂ ಹತ್ತಿಗೆ ಅಂತ ನಮೂದಾಗಿರುವ ಎಕರೆಗಳ ಶೇ 85ಕ್ಕೂ ಗುಣಿಸಿ, ದುಡ್ಡನ್ನು ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಭಾರತೀಯ ಹತ್ತಿ ನಿಗಮ, ಎಲ್ಲರೂ ಕರೆಯೋ ಹಾಗೆ ಸಿಸಿಐ, ಖರೀದಿ ಕೇಂದ್ರ ತೆರೆಯಬೇಕು. ರೈತ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ನೋಂದಣಿ ಮಾಡಿಸಬೇಕು, ಗಾಡಿ ಬಾಡಿಗೆ ಕೊಟ್ಟು ಮಾಲು ತರಬೇಕು. ತೇವಾಂಶ ಶೇ 8ರೊಳಗಿದ್ದರೆ ಪೂರ್ತಿ ಬೆಲೆ, ಅದಕ್ಕಿಂತ ಜಾಸ್ತಿಯಾದರೆ ಕಡಿತ, ಶೇ 12 ದಾಟಿದರೆ ಮಾಲು ವಾಪಸ್. ಹತ್ತಿ ಬಿಡಿಸುವ ಹೊತ್ತಿಗೆ ಅಕಾಲ ಮಳೆ ಬಂದ ವರ್ಷ ಈ ಒಂದು ಅಂಕಿಯೇ ರೈತನ ಇಡೀ ವರ್ಷದ ಲೆಕ್ಕ ತಲೆಕೆಳಗು ಮಾಡುತ್ತದೆ. ಬೆಂಬಲ ಬೆಲೆ ಸಿಗದವರು ಸಿಕ್ಕಿದ ರೇಟಿಗೆ ದಲಾಲಿ ಅಂಗಡಿಯಲ್ಲಿ ಕೊಟ್ಟು ಬರುತ್ತಾರೆ.

ಇನ್ನೂ ದೊಡ್ಡ ವ್ಯತ್ಯಾಸ ಇರುವುದು ಜಿನೀವಾದಲ್ಲಿ, ವಿಶ್ವ ವ್ಯಾಪಾರ ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ. ಅಮೆರಿಕದ ಈ ಪಾವತಿ ಅಲ್ಲಿ ಹತ್ತಿ ಸಬ್ಸಿಡಿ ಅಂತ ದಾಖಲಾಗುವುದೇ ಇಲ್ಲ. ದುಡ್ಡು ಹೋಗುವುದು ಹಳೆಯ ದಾಖಲೆಯ ಎಕರೆಗೆ, ಈ ವರ್ಷ ಬಿತ್ತಿದ ಬೆಳೆಗಲ್ಲ, ಹಾಗಾಗಿ ಇದು ಯಾವ ಒಂದು ಬೆಳೆಗೂ ಸೇರದ ಸಹಾಯ ಅನ್ನೋದು ಅವರ ವಾದ. ನಮ್ಮ ಬೆಂಬಲ ಬೆಲೆ ಮಾತ್ರ ನೇರವಾಗಿ ಹತ್ತಿ ಸಬ್ಸಿಡಿ. 2018ರ ನವೆಂಬರಿನಲ್ಲಿ ಅಮೆರಿಕ ಇದರ ಮೇಲೆಯೇ ದೂರಿನಂಥ ಒಂದು ಲೆಕ್ಕ ಸಲ್ಲಿಸಿತು. ಭಾರತದ ಹತ್ತಿ ಬೆಂಬಲ ಅಲ್ಲಿ ಬೆಳೆಯುವ ಹತ್ತಿಯ ಮೌಲ್ಯದ ಶೇ 53ರಿಂದ 81ರಷ್ಟಿದೆ, ಮಿತಿ ಇರುವುದು ಶೇ 10 ಮಾತ್ರ ಅಂತ.

ಶೇ 81! ನಮ್ಮ ಯಾವ ಹತ್ತಿ ಬೆಳೆಗಾರನನ್ನು ಕೇಳಿದರೂ ಸರ್ಕಾರ ತನ್ನ ಬೆಳೆಯ ಮುಕ್ಕಾಲು ಪಾಲು ಕೊಡುತ್ತಿದೆ ಅಂದರೆ ನಂಬುವುದಿಲ್ಲ. ಹಾಗಾದರೆ ಈ ಅಂಕಿ ಎಲ್ಲಿಂದ ಬಂತು? ಅದನ್ನು ಬಿಡಿಸಿ ನೋಡಿದರೆ ಮೂವತ್ತು ವರ್ಷದಿಂದ ನಡೆಯುತ್ತಿರುವ ಕೃಷಿ ಸಬ್ಸಿಡಿ ಸುಧಾರಣೆಯ ಕಥೆ ಅರ್ಥವಾಗುತ್ತದೆ. ನನ್ನ ವಾದ ಇಷ್ಟು: ಸುಧಾರಣೆ ಅಂತ ನಡೆದದ್ದರಲ್ಲಿ ಬಹುಪಾಲು, ದುಡ್ಡು ಒಂದು ಖಾನೆಯಿಂದ ಇನ್ನೊಂದು ಖಾನೆಗೆ ಹೋದದ್ದು. ಬೆಲೆ ಬಿದ್ದಾಗ ನಷ್ಟ ಯಾರು ಹೊರಬೇಕು ಅನ್ನೋದು ಬದಲಾಗಿಲ್ಲ. ಅಲ್ಲಿ ಇಲ್ಲಿ ಬದಲಾದ ಕಡೆಯೂ ಲಾಭ ಸಿಕ್ಕಿದ್ದು ಜಗಳಕ್ಕೆ ನಿಲ್ಲುವ ತಾಕತ್ತಿದ್ದವರಿಗೆ.

ಕೃಷಿ ಒಪ್ಪಂದ ಜಾರಿಗೆ ಬಂದದ್ದು 1995ರ ಜನವರಿ 1ರಂದು. ಅದಕ್ಕೂ ಮುಂಚೆ ಇದರ ಕರಡಿಗೆ ಡಂಕೆಲ್ ಪ್ರಸ್ತಾವ ಅಂತ ಹೆಸರಿತ್ತು, ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ರಾಜ್ಯದುದ್ದಕ್ಕೂ ಹೋರಾಡಿತು, 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತು. ಆಗ ಜನರ ಬಾಯಲ್ಲಿದ್ದದ್ದು ಬೀಜ ಮತ್ತು ಪೇಟೆಂಟ್. ಸಬ್ಸಿಡಿ ಲೆಕ್ಕದ ಸೂತ್ರ ಯಾರಿಗೂ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ, ಆದರೆ ಇವತ್ತು ನಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ.

ಸೂತ್ರ ಹೀಗಿದೆ. ವ್ಯಾಪಾರವನ್ನು ಹಾಳುಮಾಡುವ ಸಬ್ಸಿಡಿ ಒಂದು ಕಡೆ, ಅದಕ್ಕೆ ಅಂಬರ್ ಬಾಕ್ಸ್ ಅಂತಾರೆ, ಅದಕ್ಕೆ ಮಿತಿ ಇದೆ. ವ್ಯಾಪಾರಕ್ಕೆ ತೊಂದರೆ ಇಲ್ಲ ಅಂತ ಒಪ್ಪಿಕೊಂಡ ಸಬ್ಸಿಡಿ ಇನ್ನೊಂದು ಕಡೆ, ಅದು ಗ್ರೀನ್ ಬಾಕ್ಸ್, ಅದಕ್ಕೆ ಮಿತಿಯೇ ಇಲ್ಲ. 1995ಕ್ಕೆ ಮುಂಚೆ ಯಾರು ಜಾಸ್ತಿ ಸಬ್ಸಿಡಿ ಕೊಡುತ್ತಿದ್ದರೋ ಅವರು ಅದನ್ನು ಒಂದಿಷ್ಟು ಇಳಿಸಿ, ಉಳಿದದ್ದನ್ನು ಹಕ್ಕಾಗಿ ಇಟ್ಟುಕೊಂಡರು. ಅಮೆರಿಕಕ್ಕೆ ಹೀಗೆ ಉಳಿದದ್ದು ವರ್ಷಕ್ಕೆ 1,910 ಕೋಟಿ ಡಾಲರ್. ಯುರೋಪ್ ಒಕ್ಕೂಟಕ್ಕೆ 7,224 ಕೋಟಿ ಯೂರೋ. ಭಾರತಕ್ಕೆ ಸೊನ್ನೆ, ಯಾಕೆಂದರೆ ಆಗ ನಾವು ಆ ಲೆಕ್ಕದಲ್ಲಿ ಕೊಡುತ್ತಿದ್ದದ್ದು ಏನೂ ಇರಲಿಲ್ಲ. ಬೆಂಬಲ ಬೆಲೆಯ ಮಟ್ಟಿಗೆ ನಮಗೆ ಉಳಿದದ್ದು ಸಣ್ಣ ವಿನಾಯಿತಿ ಮಾತ್ರ: ಒಂದೊಂದು ಬೆಳೆಗೂ ಅದರ ಮೌಲ್ಯದ ಶೇ 10. ಶ್ರೀಮಂತ ದೇಶಗಳಿಗೂ ಶೇ 5ರ ವಿನಾಯಿತಿ ಇದೆ, ಅದೂ ಮೇಲಿನ ಹಕ್ಕಿನ ಜೊತೆಗೆ. ಯಾವ ಬೆಳೆಗೂ ಸೇರದ ಸಹಾಯಕ್ಕೆ ಒಟ್ಟು ಕೃಷಿ ಉತ್ಪನ್ನದ ಮೇಲೆ ಇನ್ನೊಂದು ಶೇ 5. ಅಮೆರಿಕದ ಒಟ್ಟು ಕೃಷಿ ಉತ್ಪನ್ನ 40,000 ಕೋಟಿ ಡಾಲರಿಗೂ ಜಾಸ್ತಿ. ಅದರ ಶೇ 5 ಅಂದರೆ 2,000 ಕೋಟಿ ಡಾಲರ್. ಮೊದಲು ಹೇಳಿದ 42 ಸೆಂಟಿನ ಪಾವತಿ ಕರಗಿಹೋಗುವುದು ಈ ದೊಡ್ಡ ಮೊತ್ತದೊಳಗೆ.

ಇನ್ನು ನಮ್ಮ ಲೆಕ್ಕ. ಬೆಂಬಲ ಬೆಲೆಯನ್ನು ಇವತ್ತಿನ ಅಂತರರಾಷ್ಟ್ರೀಯ ಬೆಲೆಯ ಜೊತೆ ಹೋಲಿಸುವುದಿಲ್ಲ. 1986ರಿಂದ 88ರವರೆಗಿನ ಬೆಲೆಯ ಜೊತೆ ಹೋಲಿಸುತ್ತಾರೆ. ಅಕ್ಕಿಯ ಉದಾಹರಣೆ ತಗೊಳ್ಳಿ. ಆ ಹಳೆಯ ಬೆಲೆ ಕ್ವಿಂಟಲ್ ಅಕ್ಕಿಗೆ 352 ರೂಪಾಯಿ. 2025–26ರ ಭತ್ತದ ಬೆಂಬಲ ಬೆಲೆ 2,369. ಒಂದು ಕ್ವಿಂಟಲ್ ಭತ್ತಕ್ಕೆ 67 ಕೆಜಿ ಅಕ್ಕಿ ಬರುತ್ತದೆ ಅಂದರೆ ಅಕ್ಕಿ ಲೆಕ್ಕದಲ್ಲಿ 3,535 ರೂಪಾಯಿ. ಇವೆರಡರ ನಡುವಿನ 3,180 ರೂಪಾಯಿ ಪೂರ್ತಿ ಸಬ್ಸಿಡಿ ಅಂತ ಬರೆದುಕೊಳ್ಳುವುದು ಒಂದು ವಿಧಾನ. ಸರ್ಕಾರ ನಿಜವಾಗಿ ಆ ದುಡ್ಡು ಕೊಟ್ಟಿದೆಯೋ ಇಲ್ಲವೋ ಅನ್ನೋದು ಮುಖ್ಯವಲ್ಲ. ನಡುವಿನ ಸುಮಾರು ನಲವತ್ತು ವರ್ಷದಲ್ಲಿ ಡೀಸೆಲ್, ಗೊಬ್ಬರ, ಕೂಲಿ ಎಲ್ಲವೂ ಏರಿದ್ದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಇದರಿಂದ ತಪ್ಪಿಸಿಕೊಳ್ಳಲು ಭಾರತ ಡಾಲರ್ ಲೆಕ್ಕ ಹಿಡಿಯುತ್ತದೆ. ಆಗಿನ ಬೆಲೆ ಟನ್ನಿಗೆ 262.51 ಡಾಲರ್, ಡಾಲರಿಗೆ 87 ರೂಪಾಯಿ ಹಿಡಿದರೆ ಕ್ವಿಂಟಲ್ಲಿಗೆ 2,280 ರೂಪಾಯಿಗೂ ಮೇಲೆ, ಹಾಗಾಗಿ ವ್ಯತ್ಯಾಸ 1,250 ಆಸುಪಾಸಿಗೆ ಇಳಿಯುತ್ತದೆ. ಅಷ್ಟಾದರೂ ಮಿತಿ ದಾಟಿತು. 2018–19ರಲ್ಲಿ ಭಾರತ 4,367 ಕೋಟಿ ಡಾಲರ್ ಮೌಲ್ಯದ ಅಕ್ಕಿ ಬೆಳೆಗೆ 500 ಕೋಟಿ ಡಾಲರ್ ಬೆಂಬಲ ಕೊಟ್ಟಿದ್ದಾಗಿ ತಾನೇ ಹೇಳಿ, ಮಿತಿ ದಾಟಿದರೂ ಕೇಸು ಹಾಕುವಂತಿಲ್ಲ ಅನ್ನೋ ಪೀಸ್ ಕ್ಲಾಸ್ ರಕ್ಷಣೆಯ ಕೆಳಗೆ ನಿಂತುಕೊಂಡಿತು. ವಿಶ್ವ ವ್ಯಾಪಾರ ಸಂಸ್ಥೆಯ 2013ರ ಬಾಲಿ ಸಭೆಯಲ್ಲಿ ಸಿಕ್ಕಿದ ತಾತ್ಕಾಲಿಕ ರಕ್ಷಣೆ ಅದು. ಪಡಿತರಕ್ಕೆ ಬೇಕಾದ ಆಹಾರ ಧಾನ್ಯಕ್ಕೆ ಮಾತ್ರ. ಹತ್ತಿಗೆ ಆ ರಕ್ಷಣೆ ಇಲ್ಲ.

ಅಮೆರಿಕ ಹತ್ತಿಗೆ ಶೇ 81 ಅಂದದ್ದೂ ಇದೇ ದಾರಿಯಲ್ಲಿ. ಹಳೆಯ ಬೆಲೆಯನ್ನು ರೂಪಾಯಿಯಲ್ಲೇ ಹಿಡಿದು, ಸಿಸಿಐ ಖರೀದಿಸಿದ್ದನ್ನಷ್ಟೇ ಅಲ್ಲದೆ ದೇಶದಲ್ಲಿ ಬೆಳೆದ ಹತ್ತಿಯನ್ನೆಲ್ಲ ಸೇರಿಸಿದರೆ ಅಂಥ ಅಂಕಿ ಬರುತ್ತದೆ.

ಸರಿ, ಲೆಕ್ಕದ ಮಾತು ಸಾಕು. ಸಬ್ಸಿಡಿಯಿಂದ ಬೇರೆ ದೇಶದ ರೈತನಿಗೆ ಪೆಟ್ಟು ಬೀಳುವುದು ಹೇಗೆ ಅನ್ನೋದು ಮುಖ್ಯ. ಬೆಲೆ ಬಿದ್ದರೆ ಏನಾಗಬೇಕು? ಮುಂದಿನ ವರ್ಷ ಒಂದಿಷ್ಟು ಜನ ಹತ್ತಿ ಬಿಟ್ಟು ಬೇರೆ ಬಿತ್ತುತ್ತಾರೆ, ಮಾಲು ಕಡಿಮೆ ಬರುತ್ತದೆ, ಬೆಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಆದರೆ ಟೆಕ್ಸಾಸ್‌ನ ರೈತನಿಗೆ ಬೆಲೆ ಬಿದ್ದರೂ ಖಾತರಿ ಇದ್ದರೆ ಅವನು ಯಾಕೆ ಕಡಿಮೆ ಬಿತ್ತುತ್ತಾನೆ? ಅವನನ್ನು ದೂರುವಂತಿಲ್ಲ, ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ. ಅಮೆರಿಕದಲ್ಲಿ ನೂಲಿನ ಗಿರಣಿಗಳು ಬಹುಪಾಲು ಮುಚ್ಚಿಹೋಗಿವೆ, ಅಲ್ಲಿನ ಹತ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಹೊರದೇಶಕ್ಕೇ ಬರುತ್ತದೆ. ಆ ಮಾಲು ವಿಶ್ವ ಮಾರುಕಟ್ಟೆಯಲ್ಲಿ ಬೆಲೆಯನ್ನು ಇನ್ನಷ್ಟು ಕೆಳಗೆ ಒತ್ತುತ್ತದೆ. ಖಾತರಿ ಇಲ್ಲದವನು ಬೇಸಾಯ ಬಿಡಬೇಕು ಇಲ್ಲವೇ ಸಾಲ ಮಾಡಬೇಕು.

2001–02ರಲ್ಲಿ ಹೀಗೇ ಆಯಿತು. ಅರಳೆಯ, ಅಂದರೆ ಕಾಳು ಬಿಡಿಸಿದ ಹತ್ತಿಯ, ವಿಶ್ವ ಬೆಲೆ ಪೌಂಡಿಗೆ ಸರಾಸರಿ 42 ಸೆಂಟ್ ಆಸುಪಾಸಿಗೆ ಕುಸಿದಿತ್ತು, ಹಲವು ದಶಕಗಳಲ್ಲಿ ಅಷ್ಟು ಕೆಳಗೆ ಹೋಗಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ 2 ಕೋಟಿ ಬೇಲ್ ದಾಟಿ ಆವರೆಗಿನ ದಾಖಲೆ ಬೆಳೆ ಬಂತು. ಬೆಲೆ ಪಾತಾಳದಲ್ಲಿ, ಬೆಳೆ ಆಕಾಶದಲ್ಲಿ. ಸಬ್ಸಿಡಿ ಏನು ಮಾಡುತ್ತದೆ ಅಂತ ತಿಳಿಯಲು ಈ ಒಂದು ವರ್ಷ ಸಾಕು.

ಆಗ ಸೋತುಹೋದವರು ಪಶ್ಚಿಮ ಆಫ್ರಿಕಾದವರು. ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಜೊತೆಗೆ ಮಧ್ಯ ಆಫ್ರಿಕಾದ ಚಾಡ್. ಅಲ್ಲಿ ಒಂದೊಂದು ಕುಟುಂಬಕ್ಕೆ ಕೆಲವೇ ಎಕರೆ ಹತ್ತಿ, ಬಿಡಿಸುವುದೆಲ್ಲ ಕೈಯಿಂದಲೇ. ಮಕ್ಕಳ ಶಾಲೆ, ಔಷಧಿ, ಮನೆಯ ಮೇಲಿನ ತಗಡು ಎಲ್ಲಕ್ಕೂ ನಗದು ಬರುವುದು ಹತ್ತಿಯಿಂದ. ಮಾಲಿಯಲ್ಲಿ ಸಿಎಂಡಿಟಿ, ಬುರ್ಕಿನಾದಲ್ಲಿ ಸೊಫಿಟೆಕ್ಸ್ ಅನ್ನೋ ಹತ್ತಿ ಕಂಪನಿಗಳು ಬಿತ್ತನೆಯ ಹೊತ್ತಿಗೇ ಬೆಲೆ ಘೋಷಿಸುತ್ತವೆ, ಬೀಜ ಗೊಬ್ಬರ ಸಾಲಕ್ಕೆ ಕೊಟ್ಟು ಕೊಯ್ಲಿನಲ್ಲಿ ಹಿಡಿದುಕೊಳ್ಳುತ್ತವೆ. ವಿಶ್ವ ಬೆಲೆ ಬಿದ್ದರೆ ಆ ಕಂಪನಿಗೇ ನಷ್ಟ, ಮುಂದಿನ ವರ್ಷ ರೈತನ ಬೆಲೆಗೆ ಕತ್ತರಿ. ಇನ್ನೊಂದು ಕಷ್ಟವೂ ಇದೆ. ಹತ್ತಿ ಮಾರಾಟ ಡಾಲರಿನಲ್ಲಿ, ಅವರ ಸಿಎಫ್‌ಎ ಫ್ರಾಂಕ್ ಕಟ್ಟಿಹಾಕಿಕೊಂಡಿರುವುದು ಯೂರೋಗೆ. ಡಾಲರ್ ದುರ್ಬಲವಾದರೆ ಹತ್ತಿ ಬೆಲೆ ಇಳಿಯದಿದ್ದರೂ ಅವರ ಕೈಗೆ ಕಡಿಮೆ ಬರುತ್ತದೆ.

2003ರ ಜೂನ್‌ನಲ್ಲಿ ಬುರ್ಕಿನಾ ಫಾಸೊ ಅಧ್ಯಕ್ಷ ಬ್ಲೇಸ್ ಕಂಪಾವೊರೆ ತಾವೇ ಜಿನೀವಾಕ್ಕೆ ಹೋಗಿ ಹತ್ತಿ ಸಬ್ಸಿಡಿ ನಿಲ್ಲಿಸಿ ಅಂತ ಕೇಳಿದರು. ಮುಂದಿನ ತಿಂಗಳು ಅವರೂ ಮಾಲಿಯ ಅಧ್ಯಕ್ಷ ಅಮಾದು ತುಮಾನಿ ತುರೆ ಅವರೂ ಸೇರಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಅಮೆರಿಕದ 25,000 ಹತ್ತಿ ಬೆಳೆಗಾರರಿಗೆ ಒಂದು ವರ್ಷಕ್ಕೆ ಸಿಗುವ 300 ಕೋಟಿ ಡಾಲರ್ ಸಬ್ಸಿಡಿ ಬುರ್ಕಿನಾ ಫಾಸೊದ ಇಡೀ ದೇಶದ ಉತ್ಪನ್ನಕ್ಕಿಂತ ಜಾಸ್ತಿ ಅನ್ನೋದು ಅವರ ಅಳಲು. ಈ ನಾಲ್ಕು ದೇಶಗಳು ಭಿಕ್ಷೆ ಕೇಳಿರಲಿಲ್ಲ. ಹೊಸ ನೆರವು ಬೇಡ, ನಿಯಮ ಪಾಲಿಸಿ ಅಂದಿದ್ದವು. ಆ ಸೆಪ್ಟೆಂಬರಿನ ಕ್ಯಾನ್‌ಕುನ್ ಸಭೆಯ ಕರಡಿನಲ್ಲಿ ಅವರಿಗೆ ಸಿಕ್ಕಿದ ಉತ್ತರ ಏನು ಗೊತ್ತಾ? ಹತ್ತಿ ಬಿಟ್ಟು ಬೇರೆ ಬೆಳೆ, ಬೇರೆ ಕಸುಬು ಹುಡುಕಿಕೊಳ್ಳಲು ನೆರವು ಕೊಡಿಸೋಣ ಅಂತ. ಇದನ್ನು ಈಗ ಓದಿದರೂ ಹೊಟ್ಟೆ ಉರಿಯುತ್ತದೆ. ಸಭೆ ಮುರಿದುಬಿತ್ತು.

2005ರ ಹಾಂಗ್‌ಕಾಂಗ್ ಸಭೆಯಲ್ಲಿ ಹತ್ತಿಯ ರಫ್ತು ಸಬ್ಸಿಡಿಗಳನ್ನು ಶ್ರೀಮಂತ ದೇಶಗಳು 2006ರಲ್ಲಿ ನಿಲ್ಲಿಸಬೇಕು ಅಂತ ಒಪ್ಪಿದರು, 2015ರ ನೈರೋಬಿಯಲ್ಲಿ ಎಲ್ಲ ಕೃಷಿ ರಫ್ತು ಸಬ್ಸಿಡಿಗೂ ಅಂತ್ಯ ಹಾಡುವ ತೀರ್ಮಾನವಾಯಿತು. ಇದು ನಿಜವಾದ ಗೆಲುವೇ, ಕಡಿಮೆ ಅಂತ ಹೇಳುವುದಿಲ್ಲ. ಆದರೆ ದೇಶದೊಳಗೆ ಕೊಡುವ ಬೆಲೆ ಬೆಂಬಲದ ವಿಷಯದಲ್ಲಿ ಆಫ್ರಿಕಾದವರಿಗೆ ಸಿಕ್ಕಿದ್ದು ಪ್ರತಿ ಸಭೆಯ ಘೋಷಣೆಯಲ್ಲಿ ಒಂದೆರಡು ಸಾಲು.

ಬ್ರೆಜಿಲ್ ಕಥೆ ಬೇರೆ. ಅದು 2002ರಲ್ಲೇ ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಸು ಹಾಕಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಅರ್ಥಶಾಸ್ತ್ರಜ್ಞ ಡೇನಿಯಲ್ ಸಮ್ನರ್, ಅಮೆರಿಕದವರೇ, ಬ್ರೆಜಿಲ್ ಪರ ಲೆಕ್ಕ ಮಂಡಿಸಿದರು. ಸಬ್ಸಿಡಿ ಇಲ್ಲದಿದ್ದರೆ 1999–2002ರ ನಡುವೆ ವಿಶ್ವ ಬೆಲೆ ಸುಮಾರು ಶೇ 12.6 ಜಾಸ್ತಿ ಇರುತ್ತಿತ್ತು ಅಂತ. 2004ರಲ್ಲಿ ಬ್ರೆಜಿಲ್ ಗೆದ್ದಿತು, 2005ರ ಮಾರ್ಚ್‌ನಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಒಂದು ಪಾವತಿ ಯೋಜನೆ ನಿಲ್ಲಿಸಿ, ಉಳಿದದ್ದನ್ನು ಮುಂದುವರಿಸಿತು. ಕೊನೆಗೆ 2009ರಲ್ಲಿ ಬ್ರೆಜಿಲ್‌ಗೆ ಪ್ರತೀಕಾರದ ಹಕ್ಕು ಸಿಕ್ಕಿತು. ಮೊತ್ತ 80 ಕೋಟಿ ಡಾಲರಿಗೂ ಮೇಲೆ, ಸರಕಿನ ಮೇಲೆ ಸುಂಕ ಹಾಕುವುದಷ್ಟೇ ಅಲ್ಲ, ಅಮೆರಿಕದ ಪೇಟೆಂಟ್ ಮತ್ತು ಕಾಪಿರೈಟ್ ರಕ್ಷಣೆಯನ್ನೂ ತಡೆಹಿಡಿಯಬಹುದು ಅಂತ. ಔಷಧ ಕಂಪನಿಗಳಿಗೂ ಹಾಲಿವುಡ್‌ಗೂ ಬಿಸಿ ತಟ್ಟುವ ಹೊತ್ತಿಗೆ ವಾಷಿಂಗ್ಟನ್ ಮಾತುಕತೆಗೆ ಕೂತಿತು.

ಸಬ್ಸಿಡಿ ನಿಲ್ಲಿಸಲಿಲ್ಲ. ಬ್ರೆಜಿಲ್‌ನ ಹತ್ತಿ ಬೆಳೆಗಾರರ ಸಂಸ್ಥೆಯೊಂದಕ್ಕೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ಅಂದರೆ ತನ್ನ ರೈತರಿಗೂ ಕೊಟ್ಟಿತು, ದೂರು ಕೊಟ್ಟವನ ರೈತರಿಗೂ ಕೊಟ್ಟಿತು, ಮಾರುಕಟ್ಟೆ ಇದ್ದ ಹಾಗೇ ಉಳಿಯಿತು. ಅದೇ ವಿಶ್ವ ಬೆಲೆಯಿಂದ ಪೆಟ್ಟು ತಿಂದ ಬೆನಿನ್ ರೈತನಿಗಾಗಲಿ, ರಾಯಚೂರಿನ ರೈತನಿಗಾಗಲಿ ಒಂದು ಪೈಸೆ ಬರಲಿಲ್ಲ. ಬೆನಿನ್ ಕೇಸು ಹಾಕಿ ಗೆದ್ದಿದ್ದರೂ ಏನು ಮಾಡಬಹುದಿತ್ತು? ಅಮೆರಿಕದಿಂದ ಬರುವ ಸರಕಿಗೆ ಸುಂಕ ಹಾಕಿದರೆ ಅದರಿಂದ ಅಮೆರಿಕಕ್ಕೆ ಏನೂ ಆಗುವುದಿಲ್ಲ. ಈ ನ್ಯಾಯವ್ಯವಸ್ಥೆಯಲ್ಲಿ ತೀರ್ಪು ಎಲ್ಲರಿಗೂ ಸಿಗಬಹುದು, ಜಾರಿ ಮಾತ್ರ ದೊಡ್ಡ ಮಾರುಕಟ್ಟೆ ಇರುವವರಿಗೆ. 2019ರ ಡಿಸೆಂಬರಿನಿಂದ ಮೇಲ್ಮನವಿ ಪೀಠವೇ ನಿಂತುಹೋಗಿದೆ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಬಿಡುತ್ತಿಲ್ಲ. ಬ್ರೆಜಿಲ್ ಗೆದ್ದ ಹಾಗೆ ಗೆಲ್ಲುವುದು ಈಗ ಅದಕ್ಕೂ ಕಷ್ಟ. 2014ರ ಅಮೆರಿಕದ ಕೃಷಿ ಕಾನೂನಿನಲ್ಲಿ ಹತ್ತಿಯನ್ನು ಖಾತರಿ ಬೆಲೆಯ ಪಟ್ಟಿಯಿಂದ ತೆಗೆದಿದ್ದರು. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಕಾಳು ಸಹಿತ ಹತ್ತಿ ಅನ್ನೋ ಹೊಸ ಹೆಸರಿನಲ್ಲಿ ಅದು ವಾಪಸ್ ಬಂತು. 36.7 ಸೆಂಟ್ ಶುರುವಾದದ್ದು ಅಲ್ಲಿಂದ. ಈಗ 42.

ಅಮೆರಿಕವೊಂದನ್ನೇ ದೂರಿದರೂ ತಪ್ಪಾಗುತ್ತದೆ. ಚೀನಾ 2011ರಿಂದ ಮೂರು ವರ್ಷ ತನ್ನ ರೈತರಿಂದ ದುಬಾರಿ ಬೆಲೆಗೆ ಹತ್ತಿ ಕೊಂಡು ಒಂದು ಕೋಟಿ ಟನ್ನಿಗೂ ಹೆಚ್ಚು ದಾಸ್ತಾನು ಮಾಡಿತು. ಅದು ಕೊಳ್ಳುತ್ತಿದ್ದಷ್ಟು ದಿನ ವಿಶ್ವ ಬೆಲೆ ನಿಂತಿತು, ನಿಲ್ಲಿಸಿದಾಗ ಬಿತ್ತು. 2014ರಿಂದ ಅದೂ ಷಿನ್‌ಜಿಯಾಂಗ್‌ನಲ್ಲಿ ಗುರಿ ಬೆಲೆ ಇಟ್ಟು ವ್ಯತ್ಯಾಸ ಪಾವತಿಸುತ್ತಿದೆ. ವಿಶ್ವದ ದೊಡ್ಡ ಹತ್ತಿ ಬೆಳೆಗಾರ ದೇಶಗಳೆಲ್ಲ ತಮ್ಮ ತಮ್ಮ ರೈತರಿಗೆ ಕೊಡೆ ಹಿಡಿದಿವೆ, ಕೊಡೆಗಳ ಮೇಲಿನ ನೀರೆಲ್ಲ ಇಳಿಯುವುದು ಕೊಡೆ ಇಲ್ಲದವನ ಮೇಲೆ.

ಹಾಗಾದರೆ ಎಲ್ಲರೂ ಸಬ್ಸಿಡಿ ಕಿತ್ತುಹಾಕಿದರೆ ಬಡ ದೇಶಗಳಿಗೆಲ್ಲ ಒಳ್ಳೆಯದಾಗುತ್ತದಾ? ಇಲ್ಲ. ಸಕ್ಕರೆಯ ಕಥೆ ನೋಡಿ. ಯುರೋಪ್ ತನ್ನ ಬೀಟ್ ಬೆಳೆಗಾರರಿಗೆ ವಿಶ್ವ ಬೆಲೆಯ ಎರಡು ಮೂರು ಪಟ್ಟು ಕೊಡುತ್ತಿತ್ತು. ಅದೇ ದುಬಾರಿ ಬೆಲೆಗೆ ತನ್ನ ಹಳೆಯ ವಸಾಹತುಗಳಾದ ಮಾರಿಷಸ್, ಫಿಜಿ, ಗಯಾನಾ, ಜಮೈಕಾಗಳಿಂದಲೂ ಒಂದಿಷ್ಟು ಸಕ್ಕರೆ ಕೊಳ್ಳುತ್ತಿತ್ತು. ಬ್ರೆಜಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ಕೇಸು ಹಾಕಿ 2005ರಲ್ಲಿ ಗೆದ್ದವು. 2006ರಿಂದ ಯುರೋಪ್ ತನ್ನ ಸಕ್ಕರೆ ಬೆಲೆಯನ್ನು ಹಂತಹಂತವಾಗಿ ಶೇ 36 ಇಳಿಸಿತು. ಬ್ರೆಜಿಲ್‌ಗೆ ಲಾಭ. ಆ ಪುಟ್ಟ ದೇಶಗಳಿಗೆ? ಸೇಂಟ್ ಕಿಟ್ಸ್ 2005ರಲ್ಲೇ ಮುನ್ನೂರು ವರ್ಷಕ್ಕೂ ಹಳೆಯ ಸಕ್ಕರೆ ಉದ್ಯಮವನ್ನು ಮುಚ್ಚಿಬಿಟ್ಟಿತು. ಭಾರತದಿಂದ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಕಬ್ಬು ಬೆಳೆಯುವ ಮಾರಿಷಸ್, ಫಿಜಿಯಲ್ಲಿ ಸಾವಿರಾರು ಸಣ್ಣ ಬೆಳೆಗಾರರು ಕಬ್ಬು ಬಿಟ್ಟರು. ಅನ್ಯಾಯದ ಸಬ್ಸಿಡಿ ಹೋದದ್ದು ಸರಿಯೇ. ಆದರೆ ಅದರ ನೆರಳಲ್ಲಿ ಬದುಕುತ್ತಿದ್ದವರೂ ಬಡವರೇ ಆಗಿದ್ದರು. ಆಹಾರ ಧಾನ್ಯದಲ್ಲಿ ಇದು ಇನ್ನೂ ನೇರ. ಗೋಧಿ, ಅಕ್ಕಿ ಆಮದು ಮಾಡಿಕೊಳ್ಳುವ ದೇಶಕ್ಕೆ ಬೇರೆಯವರ ಸಬ್ಸಿಡಿ ಅಂದರೆ ಅಗ್ಗದ ಊಟ. ಅದನ್ನು ಒಂದೇ ಸಲಕ್ಕೆ ತೆಗೆದರೆ ಪಟ್ಟಣದ ಕೂಲಿಯವನ ತಟ್ಟೆಗೆ ಕತ್ತರಿ ಬೀಳುತ್ತದೆ. ಹತ್ತಿಯಲ್ಲಿ ಈ ಗೊಂದಲ ಕಡಿಮೆ, ಹತ್ತಿಯನ್ನು ಯಾರೂ ತಿನ್ನುವುದಿಲ್ಲವಲ್ಲ. ಅದಕ್ಕೇ ಸುಧಾರಣೆ ಮೊದಲು ಹತ್ತಿಯಲ್ಲೇ ಆಗಬೇಕಿತ್ತು.

ಭಾರತದ ಕೈಯೂ ಪೂರ್ತಿ ಶುದ್ಧವಾಗಿಲ್ಲ, ಇದನ್ನು ನಾವು ನಾವೇ ಒಪ್ಪಿಕೊಳ್ಳಬೇಕು. ಕಬ್ಬಿಗೆ ನ್ಯಾಯಬೆಲೆ ಕೊಟ್ಟು ಸಕ್ಕರೆ ಜಾಸ್ತಿಯಾದಾಗ 2019–20ರಲ್ಲಿ ಟನ್ನಿಗೆ 10,448 ರೂಪಾಯಿ ಕೊಟ್ಟು ರಫ್ತು ಮಾಡಿಸಿದೆವು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಕೇಸು ಹಾಕಿದವು, 2021ರ ಡಿಸೆಂಬರಿನಲ್ಲಿ ನಾವು ಸೋತೆವು, ನಿಂತುಹೋದ ಮೇಲ್ಮನವಿ ಪೀಠಕ್ಕೆ ಅಪೀಲು ಹಾಕಿ ತೀರ್ಪು ಜಾರಿಯಾಗದ ಹಾಗೆ ನೋಡಿಕೊಂಡೆವು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲವಾಗಿದೆ, ಆದರೆ ಗ್ವಾಟೆಮಾಲಾದ ಕಬ್ಬು ಕಡಿಯುವವನೂ ಬಡವನೇ. ಅಕ್ಕಿಯಲ್ಲೂ ಹಾಗೇ. ವಿಶ್ವದ ಅಕ್ಕಿ ವ್ಯಾಪಾರದಲ್ಲಿ ಶೇ 40ರಷ್ಟು ನಮ್ಮದು. 2024ರ ಅಬುಧಾಬಿ ಸಭೆಯಲ್ಲಿ ಥಾಯ್ಲೆಂಡ್‌ನ ರಾಯಭಾರಿ ಭಾರತದ ಪಡಿತರ ಖರೀದಿಯ ಅಕ್ಕಿಯೇ ರಫ್ತಾಗುತ್ತಿದೆ ಅಂತ ಹೇಳಿ ದೊಡ್ಡ ಜಗಳವಾಯಿತು, ಕೃಷಿ ವಿಷಯದಲ್ಲಿ ಯಾವ ತೀರ್ಮಾನವೂ ಆಗದೆ ಸಭೆ ಮುಗಿಯಿತು. 2023ರ ಜುಲೈನಲ್ಲಿ ನಾವು ಬಿಳಿ ಅಕ್ಕಿ ರಫ್ತು ನಿಲ್ಲಿಸಿದಾಗ ಪಶ್ಚಿಮ ಆಫ್ರಿಕಾದ ಪೇಟೆಗಳಲ್ಲಿ ಅಕ್ಕಿ ದುಬಾರಿಯಾಯಿತು. ಇಲ್ಲಿ ಇನ್ನೊಂದು ಮಾತು ಗಮನಿಸಿ: ಇಂಥ ನಿಷೇಧ ನಮ್ಮ ರೈತನಿಗೂ ನಷ್ಟವೇ, ಒಳ್ಳೆಯ ಬೆಲೆ ಇರುವಾಗ ಮಾರಲು ಬಿಡದೆ ಬಾಗಿಲು ಹಾಕಿದ ಹಾಗೆ. ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ಲೆಕ್ಕದಲ್ಲಿ ಗೊಬ್ಬರ, ವಿದ್ಯುತ್ ಎಲ್ಲ ಸಬ್ಸಿಡಿ ಸೇರಿಸಿದರೂ ಭಾರತದ ರೈತನಿಗೆ ನಿವ್ವಳ ಸಿಗುವುದು ಸೊನ್ನೆಗಿಂತ ಕೆಳಗೆ, ಮುಖ್ಯ ಕಾರಣ ಈ ರಫ್ತು ತಡೆಗಳು.

ಈಗ ನಮ್ಮ ಹತ್ತಿಗೆ ಬರೋಣ. ಹೊರಗಿನ ಸಬ್ಸಿಡಿ ಹತ್ತಿಯಿಂದ ರೈತನನ್ನು ಕಾಯಲು ನಮ್ಮ ಕೈಯಲ್ಲಿದ್ದ ಸುಲಭದ ಸಾಧನ ಆಮದು ಸುಂಕ. 2021ರ ಬಜೆಟ್ಟಿನಿಂದ ಅದು ಒಟ್ಟು ಶೇ 11 ಇತ್ತು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದ ಪ್ರಕಾರ ಅದಕ್ಕಿಂತ ಎಷ್ಟೋ ಜಾಸ್ತಿ ಹಾಕುವ ಹಕ್ಕು ನಮಗಿದೆ. ಆದರೆ 2024ರ ಫೆಬ್ರುವರಿಯಲ್ಲಿ 32 ಮಿಲಿಮೀಟರಿಗಿಂತ ಉದ್ದ ಎಳೆಯ ಹತ್ತಿಗೆ ಸುಂಕ ತೆಗೆದರು. 2025ರ ಆಗಸ್ಟ್‌ನಲ್ಲಿ, ಅಮೆರಿಕ ನಮ್ಮ ಸರಕಿಗೆ ಶೇ 50 ಸುಂಕ ಹಾಕುವ ಹೊತ್ತಿಗೆ, ಎಲ್ಲ ಹತ್ತಿಗೂ ತೆಗೆದರು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ಅಂದರೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ಸರಿಯಾದ ಹೊತ್ತಿಗೇ.

ಉದ್ದ ಎಳೆಯ ಹತ್ತಿಗೆ ಸುಂಕ ತೆಗೆದ ಮೊದಲನೆಯ ನಿರ್ಧಾರದ ಪೆಟ್ಟು ಕರ್ನಾಟಕಕ್ಕೆ ವಿಶೇಷವಾಗಿ ತಟ್ಟುವಂಥದ್ದು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ 1972ರಲ್ಲಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಕೊಟ್ಟರು, ಆಮೇಲೆ ಡಿಸಿಎಚ್-32 ಬಂತು. ಅತಿ ಉದ್ದ ಎಳೆಯ ಹತ್ತಿಯನ್ನು ಈಜಿಪ್ಟ್, ಅಮೆರಿಕದಿಂದಷ್ಟೇ ತರಿಸಬೇಕಿಲ್ಲ ಅಂತ ತೋರಿಸಿಕೊಟ್ಟ ತಳಿಗಳು ಇವು. ಎಚ್.ಡಿ. ಕೋಟೆ ಕಡೆ ಇವತ್ತಿಗೂ ಡಿಸಿಎಚ್ ಬೆಳೆಯುತ್ತಾರೆ. ಅಮೆರಿಕದ ಅತಿ ಉದ್ದ ಎಳೆಯ ಪಿಮಾ ಹತ್ತಿ ಸುಂಕವಿಲ್ಲದೆ ಬಂದರೆ ನೇರ ಪೈಪೋಟಿ ಇವರಿಗೇ.

ಗಿರಣಿಯವರ ಮಾತನ್ನೂ ಕೇಳಬೇಕು. ಅವರದು ಸುಳ್ಳು ಕಷ್ಟವಲ್ಲ. ದೇಶದ ಹತ್ತಿ ಬೆಳೆ 2013–14ರಲ್ಲಿ 398 ಲಕ್ಷ ಬೇಲ್ ಇದ್ದದ್ದು ಈಗ 300 ಲಕ್ಷದ ಆಸುಪಾಸಿಗೆ ಇಳಿದಿದೆ, ಗುಲಾಬಿ ಕಾಯಿಕೊರಕ ಬಿಟಿ ಹತ್ತಿಗೂ ಬಗ್ಗುತ್ತಿಲ್ಲ. ಬಾಂಗ್ಲಾದೇಶ, ವಿಯೆಟ್ನಾಂ ಗಿರಣಿಗಳು ಸುಂಕವಿಲ್ಲದ ಹತ್ತಿ ಕೊಳ್ಳುತ್ತವೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಲಕ್ಷಾಂತರ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹಳ್ಳಿಯಿಂದಲೇ ಬಂದವರು. ಆರ್ಡರ್ ನಿಂತರೆ ಮೊದಲು ಕೆಲಸ ಹೋಗುವುದು ಅವರದ್ದು. ಅಮೆರಿಕದ ಶೇ 50 ಸುಂಕದ ಹೊರೆಯನ್ನು ಯಾರಾದರೂ ಹೊರಲೇಬೇಕಿತ್ತು. ಗಿರಣಿಗೆ ಖಜಾನೆಯಿಂದ ನೆರವು ಕೊಡಬಹುದಿತ್ತು. ಅದರ ಬದಲು ಹತ್ತಿ ಬೆಳೆಗಾರನ ಬೆಲೆಯಿಂದ ತೆಗೆದು ಕೊಟ್ಟರು. ನನಗೆ ಒಪ್ಪಿಗೆಯಾಗದೇ ಇರುವುದು ಇದು.

ಏನು ಮಾಡಬಹುದು ಅಂತ ಕೇಳಿದರೆ ಜಿನೀವಾದಲ್ಲಿ ಆಗಬೇಕಾದ್ದು ಸ್ಪಷ್ಟವಾಗಿದೆ. 1986–88ರ ಬೆಲೆಯನ್ನು ಬಿಟ್ಟು ಇತ್ತೀಚಿನ ಮೂರು ನಾಲ್ಕು ವರ್ಷದ ಸರಾಸರಿ ಹಿಡಿಯಬೇಕು. ಬೆಲೆಗೆ ಕಟ್ಟಿದ ಪಾವತಿ ಯಾವ ಹೆಸರಲ್ಲಿ ಬಂದರೂ ಆ ಬೆಳೆಯ ಸಬ್ಸಿಡಿ ಅಂತಲೇ ಬರೆಯಬೇಕು. ಇವೆರಡೂ ಬೇಗ ಆಗುವಂಥವಲ್ಲ, ಒಪ್ಪಿಗೆ ಬೇಕಾದ್ದು ಇದರಿಂದ ಲಾಭ ಪಡೆಯುತ್ತಿರುವವರದ್ದೇ. ದೆಹಲಿಯಲ್ಲಿ ಆಗಬಹುದಾದ್ದು ಬೇರೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸುಂಕವನ್ನು ಬೆಂಬಲ ಬೆಲೆಗೆ ಜೋಡಿಸಲಿ. ಎಪಿಎಂಸಿಗಳಲ್ಲಿ ಹತ್ತಿ ಬೆಂಬಲ ಬೆಲೆಗಿಂತ ಮೇಲಿದ್ದಾಗ ಸುಂಕ ಇಳಿಸಲಿ, ಕೆಳಗಿದ್ದಾಗ ತಾನಾಗಿ ಏರಲಿ. ನಿಯಮ ಬಿತ್ತನೆಗೆ ಮುಂಚೆಯೇ ಗೊತ್ತಿದ್ದರೆ ರೈತನೂ ಗಿರಣಿಯವನೂ ಅದಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿಕೊಳ್ಳುತ್ತಾರೆ. ವ್ಯತ್ಯಾಸ ಪಾವತಿಯನ್ನೂ ಯೋಚಿಸಬಹುದು. 2025ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ತೋತಾಪುರಿ ಮಾವಿನ ಬೆಲೆ ಕುಸಿದಾಗ ಕ್ವಿಂಟಲ್ಲಿಗೆ 1,616 ರೂಪಾಯಿ ಗುರುತು ಇಟ್ಟು ವ್ಯತ್ಯಾಸ ಕೊಡಲು ಕೇಂದ್ರ ಒಪ್ಪಿತ್ತಲ್ಲ, ಹಾಗೆ.

2025ರಲ್ಲಿ ಹಿಡಿದಂಥ ನೀತಿಯಲ್ಲಿ ಆಗುವುದು ಇದು: ಸುಂಕ ತೆಗೆದರೆ ಅಮೆರಿಕದ ಖಾತರಿ ಬೆಲೆಯಲ್ಲಿ ಬೆಳೆದ ಹತ್ತಿ ಅಗ್ಗಕ್ಕೆ ಒಳಗೆ ಬರುತ್ತದೆ. ನಮ್ಮ ಪೇಟೆಯಲ್ಲಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಇಳಿಯುತ್ತದೆ. ರೈತರು ಸಿಸಿಐ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ, 2024–25ರಲ್ಲೇ ಸಿಸಿಐ ಸುಮಾರು ಒಂದು ಕೋಟಿ ಬೇಲ್, ದೇಶದ ಬೆಳೆಯ ಮೂರನೇ ಒಂದು ಪಾಲು, ಕೊಳ್ಳಬೇಕಾಯಿತು. ಹೀಗೆ ಕೊಂಡ ಒಂದೊಂದು ಬೇಲೂ ಜಿನೀವಾದ ಪುಸ್ತಕದಲ್ಲಿ ಭಾರತ ಕೊಟ್ಟ ಹತ್ತಿ ಸಬ್ಸಿಡಿಯ ಲೆಕ್ಕಕ್ಕೆ ಸೇರುತ್ತದೆ.